ಯಹೂದಿ ಧರ್ಮದ ಎರಡು ಸಾವಿರ ವರ್ಷ: ಯಾವ ಊರಿನಿಂದ ಹಿಡಿಯುವುದು?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ನಾನು ಓದಿದ ಪುಸ್ತಕಗಳಲ್ಲಿ ಯಹೂದಿಗಳು ಎರಡೇ ಕಡೆ ಬರುತ್ತಾರೆ. ಒಂದು, ಮೋಶೆ ಮತ್ತು ದಾವೀದನ ಕಾಲ. ಇನ್ನೊಂದು, ಹಿಟ್ಲರನ ಕಾಲ. ನಡುವೆ ಏನಾಯಿತು? ಹುಡುಕಿ ಓದಲು ಕೂತರೆ ತಾಲ್ಮುದ್, ರಬ್ಬಿ, ಅಶ್ಕೆನಾಜಿ, ಸೆಫಾರ್ದಿ, ಹಸೀದಿ, ಆರ್ಥಡಾಕ್ಸ್, ರಿಫಾರ್ಮ್ ಅಂತ ಹೆಸರುಗಳ ರಾಶಿ. ಒಂದಕ್ಕೊಂದು ಸಂಬಂಧ ಸಿಗುವುದಿಲ್ಲ. ಇವನ್ನೆಲ್ಲ ಯಾವ ದಾರದಲ್ಲಿ ಪೋಣಿಸಬೇಕು? ಕೊನೆಗೆ ಇನ್ನೊಂದು. ಯಹೂದಿ ಅಂದರೆ ಧರ್ಮವೋ, ಜನಾಂಗವೋ? ಮಕ್ಕಳು ಕೇಳುತ್ತಾರೆ.

ಉತ್ತರ: ಮೇಷ್ಟ್ರೇ, ನೀವು ಪ್ರಶ್ನೆ ಬರೆದು ಕಳಿಸಿದಿರಿ, ನಾನು ಉತ್ತರ ಬರೆಯುತ್ತಿದ್ದೇನೆ. ಯಹೂದಿ ಧರ್ಮ ಆ ಎರಡು ಸಾವಿರ ವರ್ಷ ಬಾಳಿದ್ದು ಬಹಳ ಮಟ್ಟಿಗೆ ಹೀಗೆಯೇ. ಒಂದು ಊರಿನವರು ಪ್ರಶ್ನೆ ಬರೆದು ಕಳಿಸುತ್ತಿದ್ದರು, ದೂರದ ಇನ್ನೊಂದು ಊರಿನ ಪಂಡಿತರು ಉತ್ತರ ಬರೆಯುತ್ತಿದ್ದರು. ಯಾವ ಕಾಲದಲ್ಲಿ ಉತ್ತರ ಯಾವ ಊರಿನಿಂದ ಬರುತ್ತಿತ್ತು ಅಂತ ನೋಡುತ್ತ ಹೋಗಿ. ನೀವು ಕೊಟ್ಟ ಹೆಸರುಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ನಾನು ಹಾಗೇ ಹೇಳುತ್ತ ಹೋಗುತ್ತೇನೆ.

ಮೊದಲ ಊರು ಜೆರುಸಲೇಮ್. ಅಲ್ಲಿ ಒಂದೇ ಒಂದು ದೇವಾಲಯ ಇತ್ತು. ಬಲಿ ಕೊಡುವುದು ಅಲ್ಲೇ, ಹಬ್ಬಕ್ಕೆ ವರ್ಷಕ್ಕೆ ಮೂರು ಸಲ ಯಾತ್ರೆ ಬರುವುದು ಅಲ್ಲಿಗೇ. ಪೂಜೆ ಮಾಡುವವರು ಕೋಹೆನ್ ಎಂಬ ಪುರೋಹಿತ ವಂಶದವರು. ಮೊದಲ ದೇವಾಲಯವನ್ನು ಬಾಬಿಲೋನಿನವರು ಕ್ರಿ.ಪೂ. 586ರಲ್ಲಿ ಕೆಡವಿದರು, ಜನರನ್ನು ಸೆರೆ ಒಯ್ದರು. ಸುಮಾರು 70 ವರ್ಷದ ಮೇಲೆ ಎರಡನೆಯದು ಎದ್ದಿತು. ಅದನ್ನು ರೋಮನ್ನರು ಕ್ರಿ.ಶ. 70ರಲ್ಲಿ ಸುಟ್ಟರು. ಇವತ್ತು ಜನ ಹಣೆಯಿಟ್ಟು ಪ್ರಾರ್ಥಿಸುವ ಪಶ್ಚಿಮ ಗೋಡೆ ದೇವಾಲಯದ ಗೋಡೆಯಲ್ಲ. ಹೆರೋದ ರಾಜ ಆ ಗುಡ್ಡವನ್ನು ಅಗಲ ಮಾಡಿದಾಗ ಮಣ್ಣು ಜರಿಯದಂತೆ ಕಟ್ಟಿಸಿದ ಆಧಾರದ ಗೋಡೆ.

ಈಗ ಕಷ್ಟ ಎಲ್ಲಿ ಬಂತು ನೋಡಿ. ಗುಡಿ ಇಲ್ಲ. ಬಲಿ ಇಲ್ಲ. ಪುರೋಹಿತರಿಗೆ ಕೆಲಸ ಇಲ್ಲ. ಧರ್ಮ ಎಲ್ಲಿ ಉಳಿಯಬೇಕು?

ಇದಕ್ಕೆ ಉತ್ತರ ಬಂದದ್ದು ಯಾವ್ನೆ ಎಂಬ ಸಣ್ಣ ಊರಿನಿಂದ. ಮೆಡಿಟರೇನಿಯನ್ ಕರಾವಳಿಗೆ ಹತ್ತಿರದ ಊರು ಅದು. ಜೆರುಸಲೇಮಿಗೆ ಮುತ್ತಿಗೆ ಬಿದ್ದಾಗ ಯೋಹಾನಾನ್ ಬೆನ್ ಝಕ್ಕಾಯ್ ಎಂಬ ಗುರುವನ್ನು ಶಿಷ್ಯರು ಹೆಣದ ಪೆಟ್ಟಿಗೆಯಲ್ಲಿ ಮಲಗಿಸಿ ಕೋಟೆಯಿಂದ ಆಚೆ ಸಾಗಿಸಿದರು ಎಂದು ತಾಲ್ಮುದ್ ಕಥೆ ಹೇಳುತ್ತದೆ. ಅವನು ರೋಮನ್ ಸೇನಾಪತಿ ವೆಸ್ಪಾಸಿಯನನ ಮುಂದೆ ನಿಂತು ಯಾವ್ನೆಯನ್ನೂ ಅಲ್ಲಿಯ ಪಂಡಿತರನ್ನೂ ಬಿಟ್ಟುಕೊಡು ಎಂದು ಬೇಡಿದನಂತೆ. ಕಥೆಯಲ್ಲಿ ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಎಂಬುದು ಬೇರೆ ಮಾತು. ಆದರೆ ಆಮೇಲಿನ ಯಹೂದಿಗಳು ತಮ್ಮ ಧರ್ಮದ ಹೊಸ ಹುಟ್ಟನ್ನು ನೆನಪಿಟ್ಟುಕೊಂಡದ್ದು ಹೀಗೆ. ಯಾವ್ನೆಯಿಂದ ಮುಂದಕ್ಕೆ ಯಜಮಾನಿಕೆ ಪುರೋಹಿತನದ್ದಲ್ಲ, ರಬ್ಬಿಯದ್ದು. ರಬ್ಬಿ ಅಂದರೆ ಗುರು. ಹುಟ್ಟಿನಿಂದ ಬರುವ ಪಟ್ಟವಲ್ಲ, ಓದಿನಿಂದ ಬರುವುದು. ಸಿನಗಾಗ್, ಅಂದರೆ ಸಭಾಮಂದಿರ, ದೇವಾಲಯ ಇದ್ದಾಗಲೇ ಇತ್ತು. ಈಗ ಅದರ ತೂಕ ಜಾಸ್ತಿಯಾಯಿತು. ಸಮುದಾಯ ಪ್ರಾರ್ಥನೆಗೆ ಹತ್ತು ಗಂಡಸರು ಸೇರಿದರೆ ಸಾಕು. ಆ ಹತ್ತರ ಗುಂಪಿಗೆ ಮಿನ್ಯಾನ್ ಎನ್ನುತ್ತಾರೆ. ಹತ್ತು ಜನ ಎಲ್ಲಿ ಬೇಕಾದರೂ ಸೇರಬಹುದಲ್ವಾ?

132ರಿಂದ 135ರವರೆಗೆ ಬಾರ್ ಕೋಖ್ಬಾ ಎಂಬವನ ಮುಂದಾಳತನದಲ್ಲಿ ರೋಮಿನ ವಿರುದ್ಧ ದಂಗೆ ನಡೆದು ಸೋತಿತು. ಪಂಡಿತರು ಉತ್ತರಕ್ಕೆ, ಗಲಿಲಾಯಕ್ಕೆ ಸರಿದರು. ಅಲ್ಲಿ ಸುಮಾರು 200ರಲ್ಲಿ ಯೆಹೂದಾ ಹ-ನಾಸಿ ಎಂಬ ರಬ್ಬಿ, ಅಲ್ಲಿಯವರೆಗೆ ಬಾಯಿಂದ ಬಾಯಿಗೆ ಬಂದ ನಿಯಮಗಳನ್ನು ಒಂದು ಕಡೆ ಕೂಡಿಸಿದ. ಅದೇ ಮಿಶ್ನಾ. ಆರು ವಿಭಾಗ, 63 ಪ್ರಕರಣ.

ಈ ಗ್ರಂಥ ಶುರುವಾಗುವ ರೀತಿ ನನಗೆ ತುಂಬ ಇಷ್ಟ. ದೇವರ ಸ್ತುತಿ ಇಲ್ಲ, ಪೀಠಿಕೆ ಇಲ್ಲ. ಮೊದಲ ವಾಕ್ಯವೇ ಪ್ರಶ್ನೆ: ಸಂಜೆಯ ಶೆಮಾ ಯಾವ ಹೊತ್ತಿನಿಂದ ಹೇಳಬಹುದು? ಶೆಮಾ ಅಂದರೆ ದೇವರು ಒಬ್ಬನೇ ಎಂದು ದಿನಕ್ಕೆರಡು ಸಲ ಹೇಳುವ ಪಾಠ. ಪ್ರಶ್ನೆಯ ಬೆನ್ನಿಗೇ ಜಗಳ. ರಾತ್ರಿಯ ಮೊದಲ ಜಾವದವರೆಗೆ ಎಂದು ಒಬ್ಬರು. ನಡುರಾತ್ರಿಯವರೆಗೆ ಎಂದು ಹಲವರು. ಬೆಳಕು ಹರಿಯುವವರೆಗೂ ಹೇಳಬಹುದು ಎಂದು ರಬ್ಬಾನ್ ಗಮಲಿಯೇಲ್. ಆಮೇಲೆ ಒಂದು ಸಣ್ಣ ಘಟನೆ. ಗಮಲಿಯೇಲನ ಮಕ್ಕಳು ಯಾವುದೋ ಔತಣದಿಂದ ಹೊತ್ತು ಮೀರಿ ಮನೆಗೆ ಬಂದರು. ನಾವು ಇನ್ನೂ ಶೆಮಾ ಹೇಳಿಲ್ಲ ಅಂದರು. ಬೆಳಕು ಹರಿದಿಲ್ಲ ತಾನೆ, ಹಾಗಾದರೆ ಹೇಳಲೇಬೇಕು ಎಂದ ಅಪ್ಪ. ಇಷ್ಟೇ. ಗುಡಿ ಸುಟ್ಟು ನೂರು ವರ್ಷಕ್ಕೂ ಜಾಸ್ತಿಯಾಗಿದೆ. ಇವರು ಮನೆಗೆ ತಡವಾಗಿ ಬಂದ ಮಕ್ಕಳ ಪ್ರಾರ್ಥನೆಯ ಹೊತ್ತು ಎಣಿಸುತ್ತಿದ್ದಾರೆ. ಧರ್ಮ ಗುಡಿಯಿಂದ ಮನೆಯ ಹೊಸಿಲಿಗೆ ಬಂದದ್ದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಸೋತ ಒಂಟಿ ಅಭಿಪ್ರಾಯವನ್ನೂ ಹೇಳಿದವರ ಹೆಸರು ಹಿಡಿದು ಬರೆದಿಟ್ಟಿದ್ದಾರೆ ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಿ.

ಇಂಥ ನಡೆವಳಿಕೆಯ ನಿಯಮಗಳಿಗೆಲ್ಲ ಸೇರಿ ಹಲಖಾ ಎಂದು ಹೆಸರು. ನಡೆಯುವುದು ಎಂಬ ಧಾತುವಿನಿಂದ ಬಂದ ಮಾತು.

ಮಿಶ್ನಾದ ಮೇಲೆ ನಡೆದ ಚರ್ಚೆ ಗೆಮಾರಾ. ಎರಡೂ ಸೇರಿದರೆ ತಾಲ್ಮುದ್. ತಾಲ್ಮುದ್ ಎರಡಿವೆ. ಗಲಿಲಾಯದಲ್ಲಿ ಆದದ್ದು ಜೆರುಸಲೇಮ್ ತಾಲ್ಮುದ್. ಈಗಿನ ಇರಾಕಿನಲ್ಲಿ ಆದದ್ದು ಬಾಬಿಲೋನಿಯಾ ತಾಲ್ಮುದ್. ಎರಡನೆಯದು ದೊಡ್ಡದು, ಮಾತು ನಡೆಯುವುದು ಅದರದ್ದೇ. ಸುಮ್ನೆ ತಾಲ್ಮುದ್ ಅಂದರೆ ಅದೇ. ಅದನ್ನು ಕಟ್ಟಿದ ಎರಡು ದೊಡ್ಡ ಪಾಠಶಾಲೆಗಳ ಊರು ಸೂರಾ ಮತ್ತು ಪುಂಬೆದಿತಾ. ಇಂಥ ಪಾಠಶಾಲೆಗೆ ಯೆಶಿವಾ ಎನ್ನುತ್ತಾರೆ.

ಅಚ್ಚಾದ ತಾಲ್ಮುದಿನ ಒಂದು ಪುಟದ ಚಿತ್ರವನ್ನು ತರಗತಿಯಲ್ಲಿ ತೋರಿಸಿ. ನೂರು ಮಾತಿನ ಕೆಲಸ ಅದು ಮಾಡುತ್ತದೆ. ಪುಟದ ನಡುವೆ ದಪ್ಪ ಅಕ್ಷರದಲ್ಲಿ ಮಿಶ್ನಾ ಮತ್ತು ಗೆಮಾರಾ. ಹೊಲಿಗೆಯ ಕಡೆ ಸಣ್ಣ ಅಕ್ಷರದಲ್ಲಿ ರಾಶಿ ಎಂಬ ಪಂಡಿತ ಬರೆದ ವ್ಯಾಖ್ಯಾನ. ರಾಶಿ 11ನೇ ಶತಮಾನದ ಫ್ರಾನ್ಸಿನ ತ್ರುವಾ ಊರಿನವನು. ಕಷ್ಟದ ಪದ ಬಂದ ಕಡೆ ತನ್ನೂರಿನ ಹಳೆಯ ಫ್ರೆಂಚ್ ಮಾತನ್ನು ಹೀಬ್ರೂ ಲಿಪಿಯಲ್ಲಿ ಬರೆದು ಅರ್ಥ ಹೇಳುತ್ತಾನೆ. ಪುಟದ ಇನ್ನೊಂದು ಅಂಚಿನಲ್ಲಿ ಅವನ ಮೊಮ್ಮಕ್ಕಳೂ ಅವರ ಶಿಷ್ಯರೂ ಬರೆದ ತೋಸಫೋತ್ ಎಂಬ ಟಿಪ್ಪಣಿಗಳು. ಅವರು ತಾತನನ್ನೇ ಎದುರುಹಾಕಿಕೊಂಡು ವಾದ ಮಾಡುತ್ತಾರೆ. ಒಂದೇ ಹಾಳೆಯ ಮೇಲೆ ಗಲಿಲಾಯ, ಬಾಬಿಲೋನಿಯಾ, ಫ್ರಾನ್ಸ್. ಸುಮಾರು ಸಾವಿರ ವರ್ಷದ ಜನ ಒಟ್ಟಿಗೆ ಕೂತಿದ್ದಾರೆ. ಈ ಜೋಡಣೆಯನ್ನು ಇಡೀ ತಾಲ್ಮುದಿಗೆ ಮೊದಲು ತಂದವನು ಡೇನಿಯಲ್ ಬೊಂಬೆರ್ಗ್, 1520ರ ದಶಕದ ಆರಂಭದಲ್ಲಿ, ವೆನಿಸ್‌ನಲ್ಲಿ. ಅವನು ಕ್ರೈಸ್ತ. ಇವತ್ತಿಗೂ ಜನ ಬಳಸುವುದು ಅವನು ಹಾಕಿದ ಹಾಳೆ ಸಂಖ್ಯೆಯನ್ನೇ.

ಸೂರಾ, ಪುಂಬೆದಿತಾದ ಮುಖ್ಯಸ್ಥರಿಗೆ ಗಾಓನ್ ಎಂದು ಹೆಸರು. ಪತ್ರಗಳ ಕಾಲ ಶುರುವಾದದ್ದು ಇವರಿಂದ. ಸ್ಪೇನಿನಿಂದ, ಉತ್ತರ ಆಫ್ರಿಕಾದಿಂದ ವ್ಯಾಪಾರಿಗಳ ಕೈಯಲ್ಲಿ ಪ್ರಶ್ನೆಗಳು ಬರುತ್ತಿದ್ದವು. ಜೊತೆಗೆ ಪಾಠಶಾಲೆಗೆ ಕಾಣಿಕೆ. ಅದಾರ್ ಮತ್ತು ಎಲೂಲ್ ಎಂಬ ಎರಡು ತಿಂಗಳಲ್ಲಿ ವಿದ್ವಾಂಸರೂ ವಿದ್ಯಾರ್ಥಿಗಳೂ ದೂರದೂರದಿಂದ ಬಂದು ಸೇರುತ್ತಿದ್ದರು. ಬಂದ ಪ್ರಶ್ನೆಗಳನ್ನು ಸಭೆಯಲ್ಲಿ ಓದಿ, ಚರ್ಚೆ ಮಾಡಿ, ಉತ್ತರ ಬರೆಸುತ್ತಿದ್ದರು. ಉತ್ತರಕ್ಕೆ ತೆಶುವಾ ಎಂದು ಹೆಸರು. ಪ್ರಾರ್ಥನೆಗಳನ್ನು ಯಾವ ಕ್ರಮದಲ್ಲಿ ಹೇಳಬೇಕು ಎಂದು ಸ್ಪೇನಿನಿಂದ ಪ್ರಶ್ನೆ ಬಂತು. 9ನೇ ಶತಮಾನದಲ್ಲಿ ಸೂರಾದ ಅಮ್ರಾಮ್ ಗಾಓನ್ ಬರೆದು ಕಳಿಸಿದ ಉತ್ತರವೇ ಪ್ರಾರ್ಥನಾ ಪುಸ್ತಕಗಳಿಗೆಲ್ಲ ಮೂಲವಾಯಿತು. ಮಿಶ್ನಾ, ತಾಲ್ಮುದ್ ಹೇಗೆ ಆದವು ಎಂದು ಟುನೀಸಿಯಾದ ಕೈರವಾನಿನವರು ಕೇಳಿದರು. 987ರ ಹೊತ್ತಿಗೆ ಪುಂಬೆದಿತಾದ ಶೆರೀರಾ ಗಾಓನ್ ಕೊಟ್ಟ ಉತ್ತರ ಇವತ್ತಿಗೂ ಇತಿಹಾಸಕಾರರ ಕೈಪಿಡಿ.

ಇದನ್ನೆಲ್ಲ ಒಪ್ಪದವರೂ ಇದ್ದರು. ಮೋಶೆಯ ಐದು ಪುಸ್ತಕ, ಅಂದರೆ ತೋರಾ, ಮತ್ತು ಉಳಿದ ಪವಿತ್ರ ಗ್ರಂಥ ಸಾಕು, ರಬ್ಬಿಗಳ ಬಾಯಿಮಾತು ಬೇಡ ಎಂದವರು ಕರಾಯಿಗಳು. ಸಣ್ಣ ಗುಂಪಾಗಿ ಈಗಲೂ ಇದ್ದಾರೆ.

ಮೇಷ್ಟ್ರೇ, ಇಲ್ಲಿ ನಮ್ಮ ಕರಾವಳಿ ಬರುತ್ತದೆ. ದೇವರ ಹೆಸರು ಬರೆದ ಕಾಗದವನ್ನು ಯಹೂದಿಗಳು ಬಿಸಾಡುವುದಿಲ್ಲ, ಸುಡುವುದಿಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ನಾವು ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಅಂಥದೇ ಭಾವನೆ. ಹಳೆಯ ಕಾಗದವನ್ನು ಒಂದು ಕೋಣೆಯಲ್ಲಿ ಹಾಕಿಡುತ್ತಾರೆ. ಅದಕ್ಕೆ ಗೆನಿಜಾ ಎಂದು ಹೆಸರು. ಹಳೆ ಕೈರೋದ ಫುಸ್ತಾತಿನಲ್ಲಿ ಬೆನ್ ಎಜ್ರಾ ಎಂಬ ಸಿನಗಾಗ್ ಇದೆ. ಅಲ್ಲಿಯವರು ಶತಮಾನಗಳ ಕಾಲ ಅಂಥ ಕೋಣೆಗೆ ಕಾಗದ ಹಾಕುತ್ತಲೇ ಬಂದರು. ಧರ್ಮದ್ದು ಮಾತ್ರವಲ್ಲ, ಲೆಕ್ಕದ ಚೀಟಿ, ಮದುವೆ ಕರಾರು, ವ್ಯಾಪಾರದ ಪತ್ರ, ಎಲ್ಲ. ಸೊಲೊಮನ್ ಶೆಖ್ಟರ್ ಎಂಬ ವಿದ್ವಾಂಸ 1896-97ರಲ್ಲಿ ಅದರ ದೊಡ್ಡ ಪಾಲನ್ನು ಕೇಂಬ್ರಿಡ್ಜ್‌ಗೆ ಸಾಗಿಸಿದ. ಅಲ್ಲಿ ಸುಮಾರು 1,93,000 ತುಂಡುಗಳಿವೆ.

ಅವುಗಳಲ್ಲಿ ಮಂಗಳೂರಿನ ಪತ್ರಗಳಿವೆ. ಟುನೀಸಿಯಾ ಮೂಲದ ಅಬ್ರಹಾಮ್ ಬೆನ್ ಯಿಜೂ ಎಂಬ ಯಹೂದಿ ವ್ಯಾಪಾರಿ 1130ರ ದಶಕದಿಂದ 1149ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟು, ಮಲಬಾರ್ ಮತ್ತು ಮಂಗಳೂರು ಕರಾವಳಿಯಲ್ಲೇ ಇದ್ದ. ಪತ್ರಗಳಲ್ಲಿ ಊರಿನ ಹೆಸರು ಮಂಜರೂರ್. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅವನು ಇಲ್ಲಿಂದ ಯೆಮೆನ್‌ನ ಬಂದರು ಏಡನ್ನಿಗೆ ಮೆಣಸು, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಏಡನ್ನಿನ ಗೆಳೆಯರು ಹಳೆ ತಾಮ್ರ ಕಳಿಸಿದರೆ ಇಲ್ಲಿ ಅವನ ಕಾರ್ಖಾನೆಯಲ್ಲಿ ಹಿತ್ತಾಳೆ ಪಾತ್ರೆಯಾಗಿ ಹೋಗುತ್ತಿತ್ತು. ಅವರು ಉಡುಗೊರೆಯಾಗಿ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಕಳಿಸುತ್ತಿದ್ದರು. ನಮ್ಮ ಕಡೆ ಆಗ ಕಾಗದ ಸಿಗುತ್ತಿರಲಿಲ್ಲ. ಬಂದ ಪತ್ರದ ಖಾಲಿ ಜಾಗದಲ್ಲೇ ಅವನು ತನ್ನ ಲೆಕ್ಕ ಗೀಚಿಕೊಂಡಿದ್ದಾನೆ. ಅವನ ಕೈಕೆಳಗೆ ಓಡಾಡುತ್ತಿದ್ದ ಆಳಿನ ಹೆಸರು ಬೊಮ್ಮ. ನಿಮ್ಮ ಮಕ್ಕಳಿಗೆ ಇದನ್ನು ಹೇಳಿ, ಆಮೇಲೆ ನಕ್ಷೆ ಬಿಡಿಸಿ. ಮಂಗಳೂರು, ಏಡನ್, ಕೈರೋ. ಕೊನೆಯಲ್ಲಿ ಈ ಬೆನ್ ಯಿಜೂ ಹತ್ತಿರ ಮತ್ತೆ ಬರುತ್ತೇನೆ.

ಅದೇ ಫುಸ್ತಾತಿನಲ್ಲಿ ಮೈಮೋನಿಡೀಸ್ ನೆಲೆಸಿದ್ದ. 1138ರಲ್ಲಿ ಸ್ಪೇನಿನ ಕೊರ್ದೊಬಾದಲ್ಲಿ ಹುಟ್ಟಿದವನು. ಯೆಮೆನ್‌ನಿಂದಲೂ ಫ್ರಾನ್ಸಿನಿಂದಲೂ ಅವನಿಗೆ ಪ್ರಶ್ನೆಗಳು ಬರುತ್ತಿದ್ದವು. ಹಗಲೆಲ್ಲ ವೈದ್ಯ, ಉಳಿದ ಹೊತ್ತು ರಬ್ಬಿ. ಅವನನ್ನು ಸಾಕುತ್ತಿದ್ದ ತಮ್ಮ ದಾವೀದ ವ್ಯಾಪಾರಕ್ಕೆ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿಹೋದ. ಆ ದುಃಖದಲ್ಲಿ ಸುಮಾರು ಒಂದು ವರ್ಷ ಹಾಸಿಗೆ ಹಿಡಿದಿದ್ದೆ ಎಂದು ಅವನೇ ಒಂದು ಪತ್ರದಲ್ಲಿ ಬರೆದಿದ್ದಾನೆ.

ಈಗ ಅಶ್ಕೆನಾಜಿ, ಸೆಫಾರ್ದಿ. ಇವು ಪಂಥಗಳಲ್ಲ, ಊರ ಕಡೆಯ ಹೆಸರುಗಳು. ಅಶ್ಕೆನಾಜ್ ಅಂದರೆ ಜರ್ಮನಿಯ ಕಡೆ. ರೈನ್ ನದಿಯ ಮೇಲಿನ ಸ್ಪೈಯರ್, ವೋರ್ಮ್ಸ್, ಮೈಂಜ್ ಅವರ ಮೂಲ ಊರುಗಳು. 1096ರಲ್ಲಿ ಶಿಲುಬೆ ಯುದ್ಧಕ್ಕೆ ಹೊರಟ ಗುಂಪುಗಳು ಅವರನ್ನು ಕೊಂದವು. ಮುಂದಿನ ಶತಮಾನಗಳಲ್ಲಿ ಅವರು ಪೂರ್ವಕ್ಕೆ, ಪೋಲೆಂಡ್ ಕಡೆಗೆ ಸರಿದರು. ಮಾತು ಯಿದ್ದಿಷ್. ಸೆಫಾರಾದ್ ಅಂದರೆ ಸ್ಪೇನ್. 1492ರಲ್ಲಿ ರಾಜ ರಾಣಿಯರು ಅಲ್ಲಿಯ ಯಹೂದಿಗಳನ್ನು ಹೊರಹಾಕಿದರು. ಅವರಲ್ಲಿ ತುಂಬ ಜನರಿಗೆ ಟರ್ಕಿಯ ಸುಲ್ತಾನರ ನಾಡಿನಲ್ಲಿ ಜಾಗ ಸಿಕ್ಕಿತು. ಮಾತು ಲಾದಿನೋ. ಕೊಚ್ಚಿಯ ಪರದೇಶಿ ಸಿನಗಾಗ್ 1568ರಲ್ಲಿ ಕಟ್ಟಿದವರಲ್ಲಿ ಈ ಸ್ಪೇನಿನ ಮೂಲದವರಿದ್ದರು. ಕೊಂಕಣದ ಬೆನೆ ಇಸ್ರೇಲರ ಕಥೆ ಬೇರೆ. ಅವರು ಗಾಣದ ಎಣ್ಣೆ ತೆಗೆಯುವವರು. ಶನಿವಾರ ಯಹೂದಿಗಳ ಬಿಡುವಿನ ದಿನ, ಅಂದು ಗಾಣ ನಿಲ್ಲಿಸುತ್ತಿದ್ದರು. ಹಾಗಾಗಿ ಊರವರು ಅವರನ್ನು ಶನಿವಾರ ತೇಲಿ ಎಂದು ಕರೆದರು.

ಸ್ಪೇನಿನಿಂದ ಓಡಿಬಂದವರು ಗಲಿಲಾಯದ ಗುಡ್ಡದ ಮೇಲಿನ ಸಫೇದ್ ಊರನ್ನು ತುಂಬಿದರು. ಒಂದೇ ಶತಮಾನದಲ್ಲಿ ಆ ಊರು ಎರಡು ದೊಡ್ಡ ಕೆಲಸ ಮಾಡಿತು. ಯೋಸೆಫ್ ಕಾರೋ ಹಲಖಾವನ್ನೆಲ್ಲ ಅಡಕ ಮಾಡಿ ಶುಲ್ಹಾನ್ ಆರುಖ್ ಬರೆದ. ಹೆಸರಿನ ಅರ್ಥ, ಊಟಕ್ಕೆ ಅಣಿ ಮಾಡಿದ ಮೇಜು. ಅವನು ಸೆಫಾರ್ದಿ ಪದ್ಧತಿಯನ್ನು ಹಿಡಿದಿದ್ದ. ಪೋಲೆಂಡಿನ ಕ್ರಾಕೋವ್‌ನಲ್ಲಿ ಮೋಶೆ ಇಸ್ಸೆರ್ಲೆಸ್ ಅಶ್ಕೆನಾಜಿ ಪದ್ಧತಿಗಳನ್ನು ಅದಕ್ಕೆ ಸೇರಿಸಿದ. ತನ್ನ ಟಿಪ್ಪಣಿಗೆ ಅವನಿಟ್ಟ ಹೆಸರು ಮಾಪಾ, ಅಂದರೆ ಮೇಜಿನ ಮೇಲಿನ ಬಟ್ಟೆ. ಮೇಜು ಸಫೇದ್‌ನದು, ಬಟ್ಟೆ ಕ್ರಾಕೋವ್‌ನದು. ಎರಡೂ ಕಡೆಯವರು ಒಂದೇ ಪುಸ್ತಕ ಹಿಡಿಯುವಂತಾಯಿತು.

ಇನ್ನೊಂದು ಕೆಲಸ ಕಬ್ಬಾಲಾದ್ದು. ಕಬ್ಬಾಲಾ ಅಂದರೆ ಅನುಭಾವದ ಗುಟ್ಟಿನ ವಿದ್ಯೆ. ಅದರ ಮುಖ್ಯ ಗ್ರಂಥ ಜೋಹರ್ ಬೆಳಕಿಗೆ ಬಂದದ್ದು 13ನೇ ಶತಮಾನದ ಕೊನೆಯ ಸ್ಪೇನಿನಲ್ಲಿ. ಸಫೇದ್‌ನಲ್ಲಿ ಇಸಾಕ್ ಲೂರಿಯಾ ಅದಕ್ಕೆ ಹೊಸ ರೂಪ ಕೊಟ್ಟ. ಸೃಷ್ಟಿಯ ಹೊತ್ತಿಗೆ ಬೆಳಕು ತುಂಬಿದ ಪಾತ್ರೆಗಳು ಒಡೆದವು, ಕಿಡಿಗಳು ಲೋಕದಲ್ಲೆಲ್ಲ ಚೆಲ್ಲಿವೆ, ಒಳ್ಳೆಯ ಕೆಲಸ ಮಾಡಿ ಅವನ್ನು ಎತ್ತಬೇಕು ಎಂದ. ಮನೆ ಕಳೆದುಕೊಂಡು ಚೆಲ್ಲಾಪಿಲ್ಲಿಯಾದ ಜನರಿಗೆ ಈ ಮಾತು ಎಷ್ಟು ಹತ್ತಿರ ಆಗಿರಬೇಕು, ಯೋಚಿಸಿ. ಶುಕ್ರವಾರ ಸಂಜೆ ಶಬ್ಬಾತನ್ನು, ಅಂದರೆ ವಾರದ ಬಿಡುವಿನ ದಿನವನ್ನು, ಮದುಮಗಳಂತೆ ಹಾಡಿ ಬರಮಾಡಿಕೊಳ್ಳುವ ಪದ್ಧತಿ ಹಬ್ಬಿದ್ದೂ ಸಫೇದ್‌ನಿಂದಲೇ.

18ನೇ ಶತಮಾನದಲ್ಲಿ ಈ ಬೆಳಕಿನ ಮಾತು ಉಕ್ರೇನಿನ ಬಡ ಹಳ್ಳಿಗಳಿಗೆ ಬಂತು. ಮೆಜಿಬೋಜ್ ಊರಿನಲ್ಲಿದ್ದ ಬಾಲ್ ಶೆಮ್ ತೋವ್ ಎಂಬ ಗುರು, ಓದು ಬಾರದವನ ತುಂಬು ಮನಸ್ಸಿನ ಪ್ರಾರ್ಥನೆಯೂ ದೇವರಿಗೆ ಮುಟ್ಟುತ್ತದೆ ಎಂದು ಕಲಿಸಿದ. ಹಾಡು, ಕುಣಿತ, ಗುರುವಿನ ಸುತ್ತ ಸೇರುವ ಭಕ್ತರು. ಇದು ಹಸೀದಿ ಚಳವಳಿ. ಇವರ ಗುರುವಿಗೆ ರೆಬ್ಬೆ ಎನ್ನುತ್ತಾರೆ. ಎದುರು ನಿಂತದ್ದು ಲಿಥುವೇನಿಯಾದ ವಿಲ್ನಾ. ಅಲ್ಲಿಯ ಮಹಾಪಂಡಿತ ಎಲಿಯಾನನ್ನು ಜನ ವಿಲ್ನಾದ ಗಾಓನ್ ಎಂದೇ ಕರೆಯುತ್ತಿದ್ದರು. ಓದೇ ಮೊದಲು ಎಂಬುದು ಅವನ ನಿಲುವು. 1772ರಲ್ಲಿ ವಿಲ್ನಾದವರು ಹಸೀದಿಗಳಿಗೆ ಬಹಿಷ್ಕಾರ ಹಾಕಿದರು. ಈ ಜಗಳದಲ್ಲಿ ಇಬ್ಬರಿಗೂ ಲಾಭವಾಯಿತು ಅಂತಲೇ ನನ್ನ ಅಭಿಪ್ರಾಯ. ಹಸೀದಿಗಳೂ ಓದಿಗೆ ಬಿದ್ದರು. ಎದುರಾಳಿಗಳು ವೊಲೋಜಿನ್‌ನಲ್ಲಿ ಹೊಸ ಮಾದರಿಯ ದೊಡ್ಡ ಯೆಶಿವಾ ಕಟ್ಟಿದರು.

ಅದೇ ಹೊತ್ತಿಗೆ ಬರ್ಲಿನ್‌ನಲ್ಲಿ ಮೋಸೆಸ್ ಮೆಂಡೆಲ್ಸೋನ್, ಯಹೂದಿಯಾಗಿಯೇ ಇದ್ದು ಯುರೋಪಿನ ವಿದ್ಯೆ ಕಲಿಯಬಹುದು ಎಂದ. ತೋರಾವನ್ನು ಜರ್ಮನ್ನಿಗೆ ಅನುವಾದಿಸಿ ಹೀಬ್ರೂ ಲಿಪಿಯಲ್ಲಿ ಅಚ್ಚು ಮಾಡಿಸಿದ. ಈ ಹೊಸ ತಿಳಿವಿನ ಚಳವಳಿ ಹಸ್ಕಾಲಾ. ಮುಂದೆ 1818ರಲ್ಲಿ ಹ್ಯಾಂಬರ್ಗ್‌ನಲ್ಲಿ ಹೊಸ ರೀತಿಯ ಮಂದಿರ ಶುರುವಾಯಿತು. ಆರ್ಗನ್ ವಾದ್ಯ, ಜರ್ಮನ್ ಭಾಷೆಯಲ್ಲಿ ಉಪದೇಶ, ತಿದ್ದಿದ ಪ್ರಾರ್ಥನೆ. ಇದು ರಿಫಾರ್ಮ್. ಇದು ಸರಿಯೋ ತಪ್ಪೋ ಎಂದು ಎರಡೂ ಕಡೆಯವರು ರಬ್ಬಿಗಳಿಂದ ತೆಶುವಾ ಬರೆಸಿ ಪುಸ್ತಕ ಮಾಡಿ ಹಂಚಿದರು! ಹಳೆಯದೇ ಸರಿ ಎಂದವರಿಗೆ ಆರ್ಥಡಾಕ್ಸ್ ಎಂಬ ಹೆಸರು ಬಂದದ್ದು ಈ ಜಗಳದಿಂದಲೇ. ಅದಕ್ಕಿಂತ ಮೊದಲು ಅಂಥ ಹೆಸರಿನ ಅಗತ್ಯವೇ ಇರಲಿಲ್ಲ. ಇವೆರಡರ ನಡುವಿನ ದಾರಿ ಕನ್ಸರ್ವೇಟಿವ್. ಹಲಖಾ ಬೇಕು, ಆದರೆ ಅದು ಕಾಲದಿಂದ ಕಾಲಕ್ಕೆ ಬೆಳೆದದ್ದು ಎನ್ನುವವರು. 1902ರಿಂದ ನ್ಯೂಯಾರ್ಕ್‌ನಲ್ಲಿ ಅದನ್ನು ಬಲವಾಗಿ ಕಟ್ಟಿದವನು ಕೈರೋದಿಂದ ಕಾಗದ ತಂದ ಅದೇ ಶೆಖ್ಟರ್. 1897ರಲ್ಲಿ ಬಾಸೆಲ್‌ನಲ್ಲಿ ಹೆರ್ಜ್ಲ್ ಕರೆದ ಸಭೆಯಿಂದ ಜಿಯೋನಿಸಂ, ಅಂದರೆ ಯಹೂದಿಗಳಿಗೆ ತಮ್ಮದೇ ನಾಡು ಬೇಕು ಎಂಬ ಚಳವಳಿ, ಸಂಘಟಿತ ರಾಜಕೀಯವಾಯಿತು. ಅದು ಬೇರೆಯೇ ದೊಡ್ಡ ಪಾಠ, ಇಲ್ಲಿ ಬಿಡುತ್ತೇನೆ.

ಹಿಟ್ಲರನ ಕಾಲವನ್ನು ನೀವು ಪಾಠ ಮಾಡುತ್ತೀರಿ. ಸತ್ತವರು 60 ಲಕ್ಷ ಎಂಬ ಸಂಖ್ಯೆ ಮಕ್ಕಳಿಗೆ ಗೊತ್ತು. ಜೊತೆಗೆ ಒಂದು ಪ್ರಶ್ನೆಯನ್ನೂ ಹೇಳಿ. ಲಿಥುವೇನಿಯಾದ ಕೌನಾಸ್ ನಗರದಲ್ಲಿ ನಾಜಿಗಳು ಯಹೂದಿಗಳನ್ನು ಬೇಲಿಯೊಳಗೆ ಕೂಡಿಹಾಕಿ ದುಡಿಸುತ್ತಿದ್ದರು. ಬೆಳಗಿನ ಪ್ರಾರ್ಥನೆಯಲ್ಲಿ, ನನ್ನನ್ನು ಗುಲಾಮನಾಗಿ ಮಾಡಲಿಲ್ಲವಲ್ಲ ಎಂದು ದೇವರಿಗೆ ವಂದನೆ ಹೇಳುವ ಒಂದು ಸಾಲಿದೆ. ನಾವು ಈಗ ಗುಲಾಮರೇ ಆಗಿದ್ದೇವೆ, ಈ ಸಾಲು ಹೇಳಬಹುದೇ ಎಂದು ಅಲ್ಲಿಯವರು ರಬ್ಬಿ ಎಫ್ರಾಯಿಮ್ ಓಶ್ರಿಯನ್ನು ಕೇಳಿದರು. ಹೇಳಿ, ಬಿಡಬೇಡಿ, ಮೈ ಅವರ ಕೈಯಲ್ಲಿರಬಹುದು, ನಾವು ಒಳಗೆ ಬಿಡುಗಡೆಯ ಜನ ಎಂಬ ಅರ್ಥದ ಉತ್ತರ ಕೊಟ್ಟರು. ಇಂಥ ಪ್ರಶ್ನೋತ್ತರಗಳನ್ನು ಸಿಮೆಂಟ್ ಚೀಲದಿಂದ ಹರಿದ ಕಾಗದದ ಮೇಲೆ ಬರೆದು ಡಬ್ಬಿಗಳಲ್ಲಿ ಹೂತಿಟ್ಟರು. ಯುದ್ಧ ಮುಗಿದ ಮೇಲೆ ಅಗೆದು ತೆಗೆದು ಅಚ್ಚು ಮಾಡಿಸಿದರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಧರ್ಮವೋ, ಜನಾಂಗವೋ? ಹಲಖಾದ ಉತ್ತರ ಹೀಗಿದೆ. ತಾಯಿ ಯಹೂದಿಯಾದರೆ ಮಗು ಯಹೂದಿ. ಇಲ್ಲವೇ ಯಾರಾದರೂ ಕ್ರಮವಾಗಿ ಮತಕ್ಕೆ ಸೇರಿದರೆ ಯಹೂದಿ. ಹಾಗೆ ಸೇರಿದವರನ್ನು ಅಬ್ರಹಾಮನ ಮಕ್ಕಳು ಎಂದೇ ಬರೆಯುತ್ತಾರೆ. ಕರಾಯಿಗಳು ತಂದೆಯನ್ನು ನೋಡುತ್ತಾರೆ. ಅಮೆರಿಕದ ರಿಫಾರ್ಮ್ ರಬ್ಬಿಗಳು 1983ರಲ್ಲಿ, ತಂದೆ ಯಹೂದಿಯಾಗಿದ್ದು ಮಗು ಯಹೂದಿಯಾಗಿ ಬೆಳೆದರೆ ಸಾಕು ಎಂದರು. ಆರ್ಥಡಾಕ್ಸ್‌ನವರು ಅದನ್ನು ಒಪ್ಪುವುದಿಲ್ಲ. ಹಾಗಾಗಿ ಮಕ್ಕಳಿಗೆ ಎರಡರಲ್ಲಿ ಒಂದನ್ನು ಆರಿಸಿ ಹೇಳಬೇಡಿ. ಒಂದು ವಂಶದ ಕಥೆ ಹೇಳಿಕೊಳ್ಳುವ ಜನ, ಆದರೆ ಹೊರಗಿನವರು ಬಂದು ಸೇರಬಹುದಾದ ಜನ ಎನ್ನಿ. ಅರ್ಥವಾಗದಿದ್ದರೆ ಮಂಗಳೂರಿಗೆ ವಾಪಸ್ ಬನ್ನಿ.

1132ರ ಅಕ್ಟೋಬರ್‌ನಲ್ಲಿ ಬೆನ್ ಯಿಜೂ ಮಂಗಳೂರಿನಲ್ಲಿ ಒಂದು ಪತ್ರ ಬರೆಸಿದ. ಆಶು ಎಂಬ ದಾಸಿಗೆ ಬಿಡುಗಡೆ ಕೊಟ್ಟ ಪತ್ರ. ಹಲಖಾದ ಪ್ರಕಾರ ಬಿಡುಗಡೆಯಾದ ದಾಸಿ ಪೂರ್ತಿ ಯಹೂದಿಯೇ. ಪತ್ರದಲ್ಲಿ ಅವಳಿಗೆ ಹೊಸ ಹೆಸರೂ ಇದೆ, ಬೆರಾಖಾ. ಆಶೀರ್ವಾದ ಎಂದರ್ಥ. ಮಿಶ್ನಾದ ಮೊದಲ ಪ್ರಕರಣದ ಹೆಸರೂ ಇದೇ ಪದದ ಬಹುವಚನ, ಬೆರಾಖೋತ್. ಅವನ ಮಕ್ಕಳ ತಾಯಿ ಇವಳೇ ಎಂದು ಪತ್ರಗಳನ್ನು ಓದಿದ ವಿದ್ವಾಂಸರು ಹೇಳುತ್ತಾರೆ. ಮಗಳ ಹೆಸರು ಸಿತ್ ಅಲ್-ದಾರ್. ಅರಬ್ಬಿಯಲ್ಲಿ ಮನೆಯ ಒಡತಿ ಎಂದರ್ಥ. 1156ರಲ್ಲಿ ಫುಸ್ತಾತಿನಲ್ಲಿ ಅವಳಿಗೆ ತಂದೆಯ ಅಣ್ಣತಮ್ಮಂದಿರ ಮಗ ಪೆರಹ್ಯಾ ಜೊತೆ ಮದುವೆಯಾಯಿತು. ಅವಳು ಗಂಡನ ಮನೆಗೆ ತಂದ ಬಟ್ಟೆ, ಒಡವೆ, ಪಾತ್ರೆಗಳ ಪಟ್ಟಿಯೂ ಗೆನಿಜಾದಲ್ಲಿ ಸಿಕ್ಕಿದೆ.